ಮೂಲೆ ಸೇರಿದ ಯೆಜ್ಡಿಗೆ ಮರುಜೀವ: ಮನೆಯಂಗಳದ ಮೆಕ್ಯಾನಿಕ್‌ಗೆ ಸಮಗ್ರ ಮಾರ್ಗದರ್ಶಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಶುರು ಮಾಡಿತು. ಮೊದಲು ಜಾವಾ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮೋಟಾರ್‌ಸೈಕಲ್‌ಗಳನ್ನು ಹೊರತಂದು 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಗಾಡಿಗಳು ಮಾತ್ರ ಇನ್ನೂ ಮುಗಿದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ, ಅಡಿಕೆ ಚೀಲಗಳ ಹಿಂದೆ, ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ನಿಂತಿರುವ ಯೆಜ್ಡಿಗಳು ಇಂದಿಗೂ ಸಿಗುತ್ತವೆ. ಅಂಥದ್ದೊಂದು ನಿಮ್ಮ ಕೈಗೆ ಬಂದಿದ್ದರೆ, ಅದನ್ನು ನಿಮ್ಮ ಕೈಯಿಂದಲೇ ಓಡಿಸುವ ಸ್ಥಿತಿಗೆ ತರುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಹೆಚ್ಚಿನವರು ಬಣ್ಣದಿಂದ ಶುರು ಮಾಡುತ್ತಾರೆ. ಟ್ಯಾಂಕು ಪೇಂಟಿಗೆ ಹೋಗುತ್ತದೆ, ಮಡ್‌ಗಾರ್ಡು ಕ್ರೋಮಿಗೆ ಹೋಗುತ್ತದೆ, ದುಡ್ಡು ಅಲ್ಲೇ ಮುಗಿಯುತ್ತದೆ. ಎಂಜಿನ್ ಬಿಚ್ಚುವ ಹೊತ್ತಿಗೆ ಉತ್ಸಾಹವೂ ಇರುವುದಿಲ್ಲ. ಹೊಳೆಯುವ, ಆದರೆ ಓಡದ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಡಿ ಮೊದಲು ಓಡಲಿ, ನಿಲ್ಲಲಿ, ಆಮೇಲೆ ಹೊಳೆಯಲಿ.

ಕಾಗದ ನೋಡದೆ ಕೈ ಹಾಕಬೇಡಿ

ಪಾನಾ ಹಿಡಿಯುವ ಮುನ್ನ ಆರ್‌ಸಿ (ನೋಂದಣಿ ಪತ್ರ) ಹಿಡಿಯಿರಿ. ಎಂಜಿನ್ ಮತ್ತು ಚಾಸಿಯ ಮೇಲೆ ಕೊರೆದ ಸಂಖ್ಯೆಗಳು ಆರ್‌ಸಿಯಲ್ಲಿರುವುದಕ್ಕೆ ಅಕ್ಷರ ಅಕ್ಷರವೂ ಹೊಂದಬೇಕು. ಗ್ರೀಸು, ಮಣ್ಣು ಮುಚ್ಚಿದ್ದರೆ ಡೀಸೆಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಓದಿ. ಸಂಖ್ಯೆ ಇರುವ ಜಾಗಕ್ಕೆ ಗ್ರೈಂಡರ್ ಅಥವಾ ಮರಳು ಕಾಗದ ತಾಗಿಸಬೇಡಿ. ಸವೆದ ಸಂಖ್ಯೆಯನ್ನು ಯಾವ ಇನ್‌ಸ್ಪೆಕ್ಟರೂ ಒಪ್ಪುವುದಿಲ್ಲ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ನಮೂನೆ 25ರಲ್ಲಿ ಅರ್ಜಿ. ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಪತ್ರ ಇವೂ ಬೇಕು. ಕೆಎ ಸರಣಿಗೆ ಹಿಂದಿನ ಹಳೆಯ ಅಕ್ಷರಗಳ ಗಾಡಿಗಳ ವಿವರ ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದೇ ಇಲ್ಲ. ಮೂಲ ಆರ್‌ಸಿ ತೋರಿಸಿ ಅದನ್ನು ಸರ್ಕಾರದ ಕಂಪ್ಯೂಟರ್ ವ್ಯವಸ್ಥೆಯಾದ ವಾಹನ್ ದಾಖಲೆಗೆ ಸೇರಿಸಿದ ಮೇಲೆಯೇ ಉಳಿದ ಕೆಲಸ. ಗಾಡಿ ಬೇರೆಯವರ ಹೆಸರಿನಲ್ಲಿದ್ದರೆ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿಯನ್ನು ಹಣ ಕೊಡುವ ದಿನವೇ ಹಾಕಿಸಿಕೊಳ್ಳಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯ ದಾರಿಯೂ ಇದೆ. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಓಡಿಸಬೇಕೆಂಬ ಆಸೆ ಇರುವವರಿಗೆ ಸಾಮಾನ್ಯ ನವೀಕರಣವೇ ಸರಿ.

ಕಾಗದವೇ ಇಲ್ಲದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಡಭಾಗಕ್ಕೆ ಮಾತ್ರ ಕೊಳ್ಳಿ.

ಬಿಚ್ಚುವ ಮುನ್ನ

ಗಾಡಿ ತೊಳೆಯುವ ಮುಂಚೆಯೇ ಎಲ್ಲ ಕೋನಗಳಿಂದಲೂ ಚಿತ್ರ ತೆಗೆಯಿರಿ. ವೈರು ಯಾವ ಕಡೆಯಿಂದ ಹಾದಿದೆ, ಕೇಬಲ್ ಯಾವುದರ ಹಿಂದೆ ಹೋಗಿದೆ, ವಾಷರ್ ಎಷ್ಟಿವೆ ಎಂಬುದು ಆರು ತಿಂಗಳ ನಂತರ ನೆನಪಿನಲ್ಲಿ ಉಳಿಯುವುದಿಲ್ಲ. ಬಿಚ್ಚಿದ ಪ್ರತಿ ಜೋಡಣೆಯ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ.

ಹಳೆಯ ಭಾಗ ಎಷ್ಟೇ ಕೆಟ್ಟಿರಲಿ, ಕೆಲಸ ಪೂರ್ತಿ ಮುಗಿಯುವವರೆಗೆ ಎಸೆಯಬೇಡಿ. ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದಿವೆ. ಈಗ ಸಿಗುವ ಬಹುಪಾಲು ಬಿಡಭಾಗಗಳು ಹೊರಗಿನ ಸಣ್ಣ ತಯಾರಕರವು. ಕೆಲವು ಚೆನ್ನಾಗಿರುತ್ತವೆ, ಕೆಲವಕ್ಕೆ ತೂತು ಅರ್ಧ ಮಿಲಿಮೀಟರ್ ಆಚೀಚೆ ಇರುತ್ತದೆ. ಮೂಲ ಭಾಗದ ಸವೆತ ತುಂಬಿಸಿ ಲೇತಿನಲ್ಲಿ ಸರಿಮಾಡಲು ಆಗುವುದಾದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಅಂಗಡಿಗಳಿಗೆ ಹೋಗುವಾಗಲೂ ಹಳೆಯ ಭಾಗವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಳೆದು ಹೊಂದಿಸಿ ಕೊಳ್ಳಿ.

ಉಪಕರಣ ಬಹಳ ಬೇಡ. ಒಳ್ಳೆಯ ರಿಂಗ್ ಮತ್ತು ಸಾಕೆಟ್ ಪಾನಾಗಳು, ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಫೀಲರ್ ಗೇಜ್, ಮಲ್ಟಿಮೀಟರ್, ವರ್ನಿಯರ್, ಟಾರ್ಕ್ ಪಾನಾ. ಇದರ ಜೊತೆಗೆ ಈ ಗಾಡಿಗೇ ಮೀಸಲಾದ ಮೂರು: ಡೈನಮೊದ ರೋಟರ್ ಎಳೆಯುವ ಬೋಲ್ಟ್, ಕ್ಲಚ್ ಸ್ಪ್ರಿಂಗ್ ಒತ್ತುವ ಸಾಧನ, ಎಂಜಿನ್ ಪೆಟ್ಟಿಗೆ ಬೇರ್ಪಡಿಸುವ ಪುಲ್ಲರ್. ಸುತ್ತಿಗೆ ಮತ್ತು ಉಳಿಯಿಂದ ಈ ಮೂರರ ಕೆಲಸ ಮಾಡುವ ಮೆಕ್ಯಾನಿಕ್‌ಗಳಿದ್ದಾರೆ. ಒಡೆದ ಅಲ್ಯೂಮಿನಿಯಂ ಪೆಟ್ಟಿಗೆಗಳು ಬರುವುದು ಅವರ ಕೈಯಿಂದಲೇ.

ಬಿಗಿದು ನಿಂತ ಎಂಜಿನ್

ಕಿಕ್ಕರ್ ಕೆಳಗಿಳಿಯದಿದ್ದರೆ ಅದರ ಮೇಲೆ ನಿಂತು ಕುಪ್ಪಳಿಸಬೇಡಿ. ಈ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಒಳಗಿನ ಹಲ್ಲು ಮುರಿದರೆ ಎರಡೂ ಹೋದಂತೆ.

ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು 2ಟಿ ಆಯಿಲ್ (ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಆಯಿಲ್) ಅರ್ಧರ್ಧ ಬೆರೆಸಿ, ಪ್ಲಗ್ ತೂತಿನಿಂದ ಐವತ್ತು ಮಿಲಿಲೀಟರ್‌ನಷ್ಟು ಸುರಿಯಿರಿ. ಎರಡು ದಿನ ಬಿಟ್ಟು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ನಾಲ್ಕನೇ ಗೇರಿಗೆ ತಂದು, ಹಿಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಹಿಂದಕ್ಕೆ ಮೆಲ್ಲನೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಪಿಸ್ಟನ್ ಬಿಡುತ್ತಿದೆ ಎಂದರ್ಥ. ಇನ್ನಷ್ಟು ಮಿಶ್ರಣ ಹಾಕಿ, ಮತ್ತೆ ಕಾಯಿರಿ. ವಾರವಾದರೂ ಪರವಾಗಿಲ್ಲ. ತುಕ್ಕಿಗೆ ಎಣ್ಣೆ ಇಳಿಯುವುದಕ್ಕೆ ಹೊತ್ತು ಬೇಕು, ಅದನ್ನು ಬಲ ಹಾಕಿ ಕಡಿಮೆ ಮಾಡಲು ಬರುವುದಿಲ್ಲ.

ಆಗಲೂ ಬಿಡದಿದ್ದರೆ ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ತೆಗೆದು ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆ ನೋಡಿ. ಪಿಸ್ಟನ್‌ಗಿಂತ ಮೇಲೆ ಗೋಡೆಯಲ್ಲಿರುವ ತುಕ್ಕನ್ನು ಎಣ್ಣೆ ಹಚ್ಚಿದ ನುಣುಪು ಮರಳು ಕಾಗದದಿಂದ ತೆಗೆಯಿರಿ. ಪಿಸ್ಟನ್ ಮೇಲಕ್ಕೆ ಬರಬೇಕಾದ ದಾರಿ ಅದು. ಬ್ಲಾಕಿನ ಹೊರಮೈಯನ್ನು ಬಿಸಿಗಾಳಿಯ ಗನ್‌ನಿಂದ ಬೆಚ್ಚಗೆ ಮಾಡಿ, ಗಟ್ಟಿ ಮರದ ತುಂಡನ್ನು ಪಿಸ್ಟನ್ ಮೇಲಿಟ್ಟು ಹಗುರವಾಗಿ ತಟ್ಟಿ. ಬ್ಲೋಟಾರ್ಚ್ ಬೇಡ, ಪಕ್ಕದಲ್ಲಿ ಪೆಟ್ರೋಲ್ ಇರುತ್ತದೆ. ಸುರಿದ ಎಣ್ಣೆಯೆಲ್ಲ ಪೋರ್ಟುಗಳಿಂದ (ಬೋರಿನ ಗೋಡೆಯ ಕಿಂಡಿಗಳಿಂದ) ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ ಇಳಿದಿರುತ್ತದೆ. ಅದನ್ನು ತೊಳೆದು ಹೊರಹಾಕದೆ ಗಾಡಿ ಸ್ಟಾರ್ಟ್ ಮಾಡಬಾರದು.

ಬೋರು, ಪಿಸ್ಟನ್, ಕನೆಕ್ಟಿಂಗ್ ರಾಡ್

ಯೆಜ್ಡಿ 250ರ ಬೋರು 65 ಮಿ.ಮೀ., ಸ್ಟ್ರೋಕು (ಪಿಸ್ಟನ್ ಚಲಿಸುವ ದೂರ) 75 ಮಿ.ಮೀ.; ಎಂಜಿನ್ ಸಾಮರ್ಥ್ಯ 250 ಸಿಸಿಗೆ ಒಂದಿಷ್ಟು ಕಡಿಮೆ. ಬ್ಲಾಕನ್ನು ನೇರಕ್ಕೆ, ಎಡಕ್ಕೂ ಬಲಕ್ಕೂ ತಿರುಚದೆ ಎತ್ತಿ ತೆಗೆಯಿರಿ. ಎತ್ತುವಾಗಲೇ ಕೆಳಗಿನ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್ ಹಿಡಿದಿಡುವ ಒಂದು ಸರ್ಕ್ಲಿಪ್ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ.

ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲಕ್ಕೆ ಕೆಳಕ್ಕೆ ಎಳೆದು ನೋಡಿ. ಪಕ್ಕಕ್ಕೆ ಒಂದಿಷ್ಟು ಆಡಿದರೆ ಸಹಜ. ಮೇಲೆ ಕೆಳಗೆ ಟಕ್ ಎಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಸವೆದಿದೆ. ಇದರ ಕ್ರ್ಯಾಂಕು ಒತ್ತಿ ಕೂರಿಸಿದ ತುಂಡುಗಳದ್ದು. ಅದನ್ನು ಬೇರ್ಪಡಿಸಿ, ಹೊಸ ಪಿನ್ ಹಾಕಿ, ಮತ್ತೆ ನೇರಕ್ಕೆ ಕೂರಿಸುವುದು ಪ್ರೆಸ್ ಮತ್ತು ಡಯಲ್ ಗೇಜ್ ಇರುವವರ ಕೆಲಸ. ಈ ಒಂದು ಕೆಲಸವನ್ನು ಮನೆಯಲ್ಲಿ ಮಾಡುವ ಆಸೆ ಬಿಡಿ. ಅನುಭವಿ ಲೇತ್ ಅಂಗಡಿಗೆ ಕೊಡಿ, ಎರಡೂ ತುದಿಯ ಓರೆಯನ್ನು ಅಳೆದು ತೋರಿಸುವಂತೆ ಕೇಳಿ.

ಬೋರಿನಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಮುಂದಿನ ಅಳತೆಗೆ ಬೋರ್ ಮಾಡಿಸಬೇಕು. 0.25 ಮಿ.ಮೀ. ಹೆಚ್ಚುತ್ತ ಹೋಗುವ ಪಿಸ್ಟನ್‌ಗಳು ಸಿಗುತ್ತವೆ. ಪಿಸ್ಟನ್ ಮೊದಲು ಕೊಳ್ಳಿ, ಬೋರ್ ಆಮೇಲೆ ಮಾಡಿಸಿ. ಕೈಯಲ್ಲಿರುವ ಪಿಸ್ಟನ್ ಅಳೆದು ಅದಕ್ಕೆ ಬೋರ್ ಹೊಂದಿಸಬೇಕೇ ಹೊರತು ಡಬ್ಬಿಯ ಮೇಲಿನ ಸಂಖ್ಯೆಗಲ್ಲ. ಬೋರ್ ಆದ ಮೇಲೆ ಪೋರ್ಟುಗಳ ಅಂಚನ್ನು ಸಣ್ಣಗೆ ಮೊಂಡು ಮಾಡಿಸುವುದನ್ನು ಮರೆಯಬೇಡಿ, ಚೂಪಾದ ಅಂಚು ರಿಂಗನ್ನು ಹಿಡಿದು ಮುರಿಯುತ್ತದೆ. ರಿಂಗನ್ನು ಬೋರಿನಲ್ಲಿಟ್ಟು ತುದಿಗಳ ಅಂತರ ನೋಡಿ: ಸುಮಾರು 0.25 ಮಿ.ಮೀ. ಇರಲಿ. ಜೋಡಿಸುವಾಗ ರಿಂಗಿನ ತುದಿಗಳು ಪಿಸ್ಟನ್ನಿನ ರಿಂಗ್ ತೋಡಿನಲ್ಲಿರುವ ಸಣ್ಣ ಪಿನ್ನಿನ ಎರಡು ಬದಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ. ಸರ್ಕ್ಲಿಪ್ ಯಾವಾಗಲೂ ಹೊಸದು.

ಆಯಿಲ್ ಸೀಲು: ಎಲ್ಲರೂ ಬಿಟ್ಟುಬಿಡುವ ಹೆಜ್ಜೆ

ಈ ಬರಹದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗುವುದು ಪಿಸ್ಟನ್‌ಗೆ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ. ಅಲ್ಲಿ ಒತ್ತಡ ಏರಿ ನಂತರ ಮೇಲಕ್ಕೆ ನುಗ್ಗುತ್ತದೆ. ಆ ಪೆಟ್ಟಿಗೆ ಪೂರ್ತಿ ಮುಚ್ಚಿರಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು ಒಣಗಿ ಕಲ್ಲಾಗಿರುತ್ತವೆ. ಆಗ ಕಾರ್ಬೊರೇಟರ್ ಎಷ್ಟು ತೊಳೆದರೂ, ಕಿಡಿ ಹಾರಿಸುವ ಸ್ವಿಚ್ಚಾದ ಪಾಯಿಂಟ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ.

ಡೈನಮೊ ಇರುವ ಬಲಬದಿಯ ಸೀಲು ಹೋದರೆ ಹೊರಗಾಳಿ ಒಳಬರುತ್ತದೆ. ಐಡ್ಲಿಂಗ್ ಸ್ಥಿರವಾಗಿ ನಿಲ್ಲುವುದಿಲ್ಲ, ಒಮ್ಮೊಮ್ಮೆ ತಾನಾಗಿ ರೇಸ್ ಆಗುತ್ತದೆ, ಪಿಸ್ಟನ್ ಕಾದು ಹಿಡಿಯುತ್ತದೆ. ಎಡಬದಿಯ ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲನ್ನು ಎಂಜಿನ್ ಹೀರಿಕೊಳ್ಳುತ್ತದೆ: ಆಯಿಲ್ ಮಟ್ಟ ಇಳಿಯುತ್ತದೆ, ಹಿಂದೆ ಬಿಳಿ ಹೊಗೆ ಮೋಡದಂತೆ ಏಳುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ಪಂಪು ಮತ್ತು ಮೀಟರ್ ಸಾಕು. ಹಳೆಯ ಪ್ಲಗ್ಗಿನ ಪಿಂಗಾಣಿ ತೆಗೆದು, ಅದರ ಲೋಹದ ಭಾಗಕ್ಕೆ ರಬ್ಬರ್ ಕೊಳವೆ ಅಂಟಿಸಿ ಅಡಾಪ್ಟರ್ ಮಾಡಿಕೊಳ್ಳಿ. ಕಾರ್ಬೊರೇಟರ್ ಜಾಗವನ್ನೂ ಎರಡು ಸೈಲೆನ್ಸರ್ ಬಾಯಿಗಳನ್ನೂ ದಪ್ಪ ರಬ್ಬರ್ ಹಾಳೆ ಮತ್ತು ಪಟ್ಟಿಯಿಂದ ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಆಗ ಪೋರ್ಟುಗಳು ತೆರೆದು ಮೇಲೂ ಕೆಳಗೂ ಒಂದೇ ಕೋಣೆಯಾಗುತ್ತದೆ. ಮೀಟರಿನ ಮುಳ್ಳು 300ಕ್ಕೆ ಬರುವವರೆಗೆ ಒತ್ತಿ. ಅದು ಸುಮಾರು 0.4 ಬಾರ್ ಒತ್ತಡ. ಇದಕ್ಕಿಂತ ಹೆಚ್ಚಿಸಿದರೆ ಸೀಲು ಜಾಗ ಬಿಡಬಹುದು. ಮುಳ್ಳು ಐದು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಇಳಿದರೆ ಸೋಪು ನೀರನ್ನು ಬ್ಲಾಕಿನ ಪ್ಯಾಕಿಂಗ್, ಹೆಡ್, ಪೆಟ್ಟಿಗೆಯ ಜೋಡು, ಡೈನಮೊ ಹಿಂಬದಿ ಎಲ್ಲಕ್ಕೂ ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ. ಎಲ್ಲೂ ಗುಳ್ಳೆ ಕಾಣದೆ ಮುಳ್ಳು ಮಾತ್ರ ಇಳಿಯುತ್ತಿದ್ದರೆ ಗೇರ್ ಪೆಟ್ಟಿಗೆಯ ಆಯಿಲ್ ಹಾಕುವ ಮುಚ್ಚಳ ತೆಗೆದು ಅಲ್ಲಿ ಸೋಪಿನ ಪೊರೆ ಹಚ್ಚಿ ನೋಡಿ. ಪೊರೆ ಉಬ್ಬಿದರೆ ಕ್ಲಚ್ ಕಡೆಯ ಸೀಲೇ ಸೋರುತ್ತಿದೆ.

ಪೆಟ್ಟಿಗೆ ಬಿಚ್ಚಲೇಬೇಕಾದರೆ ಸೀಲಿನ ಜೊತೆಗೆ ಬೇರಿಂಗೂ ಬದಲಿಸಿ. ಹಳೆಯ ಬೇರಿಂಗಿನ ಮೇಲೆ ಕೊರೆದ ಸಂಖ್ಯೆ ನೋಡಿ, ಒಳ್ಳೆಯ ಕಂಪನಿಯದನ್ನೇ ತನ್ನಿ, ಕ್ರ್ಯಾಂಕಿಗೆ ಸಿ3 ಗುರುತಿನದು (ಒಳಗೆ ತುಸು ಹೆಚ್ಚು ಸಡಿಲ ಇರುವಂಥದ್ದು). ಪೆಟ್ಟಿಗೆಯನ್ನು ನೀರಿನ ಹನಿ ಬಿದ್ದರೆ ಚುರ್ ಎನ್ನುವಷ್ಟು ಬಿಸಿ ಮಾಡಿದರೆ ಬೇರಿಂಗ್ ಹೊಡೆಯದೆಯೇ ಕೂರುತ್ತದೆ.

ಟ್ಯಾಂಕು ಮತ್ತು ಕಾರ್ಬೊರೇಟರ್

ಹಳೆಯ ಪೆಟ್ರೋಲ್ ಸುರಿದು ಹಾಕಿ, ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ಒಳಗಿನ ಅಂಟು ತೊಳೆಯಿರಿ. ಆಮೇಲೆ ನೂರು ಗ್ರಾಂ ಸಿಟ್ರಿಕ್ ಆಮ್ಲಕ್ಕೆ ಒಂದು ಲೀಟರ್ ಬಿಸಿನೀರಿನ ಲೆಕ್ಕದಲ್ಲಿ ಟ್ಯಾಂಕು ತುಂಬಿಸಿ ಒಂದು ರಾತ್ರಿ ಬಿಡಿ. ತುಕ್ಕು ದಪ್ಪವಾಗಿದ್ದರೆ ಒಂದಷ್ಟು ನಟ್ಟುಗಳನ್ನು ಒಳಗೆ ಹಾಕಿ ಅಲ್ಲಾಡಿಸಬಹುದು. ಹಾಕುವ ಮುನ್ನ ಎಣಿಸಿ. ದ್ರಾವಣ ಚೆಲ್ಲಿ, ಅಡುಗೆ ಸೋಡಾ ನೀರಿನಿಂದ ತೊಳೆದು, ತಕ್ಷಣ ಒಣಗಿಸಿ 2ಟಿ ಆಯಿಲ್ ಸವರಿ. ಒದ್ದೆಯಾಗಿ ಅರ್ಧ ಗಂಟೆ ಬಿಟ್ಟರೂ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ. ಸೋರುವ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಮಾಡಲು ಹೋಗಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯುತ್ತದೆ.

ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿ. ತೂತಿಗೆ ತಂತಿ, ಸೂಜಿ ತೂರಿಸಬೇಡಿ. ಸ್ಪ್ರೇ ಮತ್ತು ಗಾಳಿಯಿಂದ ಮಾತ್ರ ಶುಚಿ ಮಾಡಿ. ಸ್ಲೈಡು ಸವೆದು ಕಟಕಟ ಆಡುತ್ತಿದ್ದರೆ ಅಲ್ಲೂ ಗಾಳಿ ಸೋರುತ್ತದೆ. ಎಂಜಿನ್‌ಗೆ ಕೂರುವ ಚಾಚು ಬಾಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಿ. ಪೆಟ್ರೋಲ್ ಕೊಳವೆ, ಟ್ಯಾಪಿನ ರಬ್ಬರ್‌ಗಳನ್ನು ಕಣ್ಣುಮುಚ್ಚಿ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ರವರೆಗೆ ಇರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಬರಿದು ಮಾಡಿ.

ಕಿಡಿ

ಕೊನೆಯ ವರ್ಷಗಳ ಕೆಲವು ಮಾದರಿಗಳಲ್ಲಿ 12 ವೋಲ್ಟ್ ಮತ್ತು ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇದೆ. ಉಳಿದ ಬಹುಪಾಲು 6 ವೋಲ್ಟ್, ಪಾಯಿಂಟ್ ಇರುವಂಥವು. ಪಾಯಿಂಟ್ ಮುಖಗಳು ಸುಟ್ಟು ಗುಳಿ ಬಿದ್ದಿದ್ದರೆ ಬದಲಿಸಿ. ಪೂರ್ತಿ ತೆರೆದಾಗ ಅಂತರ 0.4 ಮಿ.ಮೀ. ಪ್ಲಗ್ಗಿನ ಅಂತರ 0.6 ಮಿ.ಮೀ. ಕಂಡೆನ್ಸರ್ ಹಳೆಯದಿದ್ದರೆ ಪಾಯಿಂಟಿನಲ್ಲಿ ನೀಲಿ ಕಿಡಿ ಸಿಡಿಯುತ್ತದೆ. ಇದು ಕಡಿಮೆ ಬೆಲೆಯ ಭಾಗ, ಹೇಗೂ ಬದಲಿಸಿ.

ಟೈಮಿಂಗನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ಕಣ್ಣಂದಾಜಿಗೆ ಬಿಡಬೇಡಿ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಕೂರಿಸಿ ಪಿಸ್ಟನ್ ತುತ್ತತುದಿಗೆ ಬರುವ ಜಾಗದಲ್ಲಿ ಸೊನ್ನೆ ಮಾಡಿ. ಹಿಂದಕ್ಕೆ ತಿರುಗಿಸಿ, ಮತ್ತೆ ಎಂಜಿನ್ ತಿರುಗುವ ದಿಕ್ಕಿನಲ್ಲೇ ಮೇಲೆ ತರುತ್ತ, ನಿಮ್ಮ ಮಾದರಿಯ ಕೈಪಿಡಿ ಹೇಳಿದಷ್ಟು ಮಿಲಿಮೀಟರ್ ಮೊದಲು ನಿಲ್ಲಿಸಿ. ಪಾಯಿಂಟ್ ತೆರೆಯಬೇಕಾದ ಕ್ಷಣ ಅದು. ಪಾಯಿಂಟಿನ ತುದಿಗೂ ಅರ್ತಿಗೂ ನಡುವೆ ಸಣ್ಣ ಬಲ್ಬ್ ಕಟ್ಟಿ ಕೀ ಆನ್ ಮಾಡಿದರೆ, ತೆರೆದ ಕ್ಷಣವೇ ಬಲ್ಬ್ ಹೊತ್ತಿಕೊಳ್ಳುತ್ತದೆ. ಪ್ಲೇಟನ್ನು ಆಚೀಚೆ ಸರಿಸಿ ಎರಡನ್ನೂ ಹೊಂದಿಸಿ. ಪಾಯಿಂಟಿನ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಅಂತರ ಮೊದಲು, ಟೈಮಿಂಗ್ ಆಮೇಲೆ.

ಬ್ಯಾಟರಿ ಸತ್ತಿದ್ದರೆ ಈ ವ್ಯವಸ್ಥೆ ಸರಿಯಾಗಿ ಕಿಡಿ ಕೊಡದು. 6 ವೋಲ್ಟಿನಲ್ಲಿ ಸಣ್ಣ ತಡೆಯೂ ದೊಡ್ಡ ನಷ್ಟ. ದಪ್ಪ ವೈರು ಹಾಕಿ, ಅರ್ತ್ ಕೂರುವ ಜಾಗದ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆಯಿರಿ. ಡೈನಮೊದ ಬ್ರಷ್‌ಗಳು ಸವೆದಿದ್ದರೆ ಬದಲಿಸಿ, ಕಮ್ಯುಟೇಟರ್ ಒರೆಸಿ. 12 ವೋಲ್ಟಿಗೆ ಬದಲಾಯಿಸುವವರು ಬಹಳ ಮಂದಿ. ರಾತ್ರಿ ದೂರ ಓಡಿಸುವವರಿಗೆ ಅದು ಸರಿಯೇ. ಹಗಲು ಸವಾರಿಗೆ ಮೂಲ ವ್ಯವಸ್ಥೆ ಸಾಕು, ನಾನಂತೂ ಅದರ ಪರ.

ಕ್ಲಚ್, ಬ್ರೇಕು, ಚಕ್ರ

ಈ ಗಾಡಿಯ ವಿಶೇಷವೆಂದರೆ ಗೇರ್ ಲಿವರನ್ನು ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುತ್ತದೆ. ಕ್ಲಚ್ ಹೊಂದಿಸುವಾಗ ಮೊದಲು ಒಳಗಿನ ಸ್ಕ್ರೂ ಸರಿಮಾಡಿ, ನಂತರ ಕೇಬಲ್. ಎರಡರಲ್ಲೂ ಸ್ವಲ್ಪ ಸಡಿಲ ಉಳಿಯಬೇಕು, ಇಲ್ಲದಿದ್ದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಕ್ಲಚ್ ಮತ್ತು ಗೇರ್ ಒಂದೇ ಆಯಿಲಿನಲ್ಲಿ ಮುಳುಗಿರುವುದರಿಂದ ಕಾರಿನ ಜಾರುವ ಗುಣದ ಹೊಸ ಆಯಿಲ್‌ಗಳು ಬೇಡ.

ಬ್ರೇಕ್ ಡ್ರಮ್ ಬಿಚ್ಚಿದಾಗ ಧೂಳನ್ನು ಊದಬೇಡಿ, ಹಳೆಯ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಆ ಗುರುತೇ ಇಲ್ಲದಿದ್ದರೆ ಅಥವಾ ಟೈರು ಬಿರುಕು ಬಿಟ್ಟಿದ್ದರೆ, ಹಲ್ಲು ಎಷ್ಟೇ ಇರಲಿ, ಬದಲಿಸಿ. ಸ್ಪೋಕುಗಳನ್ನು ಪಾನಾದಿಂದ ತಟ್ಟುತ್ತ ಹೋದರೆ ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಸೈಲೆನ್ಸರ್‌ಗಳ ಒಳಕೊಳವೆ ತೆಗೆದು ಕಾರ್ಬನ್ ಬಿಡಿಸಿ. ಕಾಸ್ಟಿಕ್ ಸೋಡಾ ಬಳಸುವುದಾದರೆ ಕೈಗವಸು, ಕನ್ನಡಕ ಬೇಕೇ ಬೇಕು, ಅಲ್ಯೂಮಿನಿಯಂ ಭಾಗಗಳಿಂದ ದೂರ ಇಡಿ.

ಮೊದಲ ಕಿಕ್, ಮೊದಲ ಐನೂರು ಕಿಲೋಮೀಟರ್

ಐದು ಲೀಟರ್ ಪೆಟ್ರೋಲಿಗೆ 250 ಮಿ.ಲೀ. ಒಳ್ಳೆಯ 2ಟಿ ಆಯಿಲ್, ಡಬ್ಬಿಯಲ್ಲಿ ಕುಲುಕಿ ಬೆರೆಸಿದ ಮೇಲೆ ಟ್ಯಾಂಕಿಗೆ. ಹೊಸ ಪಿಸ್ಟನ್ ಪಳಗಿದ ನಂತರ 200 ಮಿ.ಲೀ.ಗೆ ಇಳಿಸಬಹುದು. ಬಯಲಿನಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಅಥವಾ ಒಣ ಮರಳಿನ ಬಕೆಟ್ ಇಟ್ಟುಕೊಂಡು ಕಿಕ್ ಮಾಡಿ. ಸ್ಟಾರ್ಟ್ ಆದ ತಕ್ಷಣ ಹೊಗೆ ದಟ್ಟವಾಗಿ ಬರುವುದು ಸಹಜ. ಒಳಗೆ ಉಳಿದ ಎಣ್ಣೆ ಉರಿಯುತ್ತಿರುತ್ತದೆ. ಕಾಲು ಗಂಟೆಯಾದರೂ ಹೊಗೆ ತಗ್ಗದಿದ್ದರೆ ಕ್ಲಚ್ ಕಡೆಯ ಸೀಲನ್ನು ಮತ್ತೆ ನೋಡಿ. ಎಂಜಿನ್ ತಾನಾಗಿ ರೇಸ್ ಆದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ಮುಂದಿನ ಬ್ರೇಕ್ ಹಿಡಿದು, ಗೇರಿಗೆ ಹಾಕಿ ನಿಲ್ಲಿಸಿ.

ಎಂಜಿನ್ ಪೂರ್ತಿ ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಅಡ್ಡಡ್ಡವಾಗಿ ಮತ್ತೊಮ್ಮೆ ಬಿಗಿ ಮಾಡಿ. ನೂರು ಕಿಲೋಮೀಟರ್ ಆದಾಗ ಇನ್ನೊಮ್ಮೆ. ಮೊದಲ 500 ಕಿಲೋಮೀಟರ್ ಗಂಟೆಗೆ 50 ದಾಟಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ದೊಡ್ಡ ಗೇರಿನಲ್ಲಿ ಎಂಜಿನ್ ತಿಣುಕಲು ಬಿಡಬೇಡಿ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿಕೊಂಡು ಇಳಿದರೆ ಪಿಸ್ಟನ್‌ಗೆ ಆಯಿಲೂ ನಿಲ್ಲುತ್ತದೆ. ನಡುನಡುವೆ ಒಂದಿಷ್ಟು ತೆರೆಯುತ್ತಿರಿ. ಪ್ಲಗ್ ಬಿಚ್ಚಿ ನೋಡಿದರೆ ಕಾಫಿಪುಡಿ ಬಣ್ಣ ಇರಲಿ. ಬಿಳಿಯಾಗಿದ್ದರೆ ಗಾಳಿ ಹೆಚ್ಚು, ಓಡಿಸುವುದನ್ನು ನಿಲ್ಲಿಸಿ ಸೋರಿಕೆ ಹುಡುಕಿ. ಒದ್ದೆ ಕಪ್ಪಾಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚು.

ಐನೂರು ಕಿಲೋಮೀಟರ್ ಮುಗಿದಾಗ ಗೇರ್ ಆಯಿಲ್ ಬಿಸಿಯಾಗಿರುವಾಗಲೇ ಇಳಿಸಿ ಹೊಸದು ಹಾಕಿ. ಇಳಿದ ಆಯಿಲಿನಲ್ಲಿ ಲೋಹದ ಚೂರು ಇದೆಯೇ ಎಂದು ಬೆರಳಲ್ಲಿ ಉಜ್ಜಿ ನೋಡಿ. ಬಣ್ಣ, ಕ್ರೋಮ್‌ಗಳ ವಿಚಾರಕ್ಕೆ ಬರುವ ಸಮಯ ಇದು. ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ನಾನು ಮುಟ್ಟುವುದಿಲ್ಲ: ಸೋಪು ನೀರಿನಲ್ಲಿ ತೊಳೆದು, ಮೇಣ ಹಚ್ಚಿ, ತುಕ್ಕಿನ ಚುಕ್ಕೆಗಳಿಗೆ ಎಣ್ಣೆ ಒರೆಸುತ್ತೇನೆ. ಪೂರ್ತಿ ಹೋಗಿದ್ದರೆ, ಪೇಂಟಿಗೆ ಕೊಡುವ ಮುನ್ನ ಟ್ಯಾಂಕಿನ ಬದಿಯ ಚಿನ್ನದ ಗೆರೆಗಳ ಅಗಲ ಮತ್ತು ಅಂಚಿನಿಂದ ಇರುವ ದೂರವನ್ನು ಪಾರದರ್ಶಕ ಕಾಗದದ ಮೇಲೆ ಇಳಿಸಿಟ್ಟುಕೊಳ್ಳಿ. ಪೇಂಟರು ಮರಳು ಕಾಗದ ಹಚ್ಚಿದ ಮೇಲೆ ಆ ಅಳತೆ ಮತ್ತೆ ಎಲ್ಲೂ ಸಿಗುವುದಿಲ್ಲ.